ದಿನಾ ನೀರು ಹಾಕಿದರೂ ಅಂಗಳದ ಹುಲ್ಲು ಒಣಗುತ್ತಿದೆಯೇ? ನೀರು ಎಲ್ಲಿ ಹೋಗುತ್ತಿದೆ ಎಂದು ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಫೆಬ್ರವರಿ ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸ ಮನೆ ಕಟ್ಟಿದವರದ್ದೆಲ್ಲ ಒಂದೇ ದೂರು: "ದಿನಾ ನೀರು ಬಿಡ್ತೇವೆ, ಆದ್ರೂ ಲಾನ್ ಕೆಂಪಾಗ್ತಾ ಇದೆ." ಆಮೇಲೆ ಮಾಡುವ ಕೆಲಸವೂ ಒಂದೇ. ಪಂಪನ್ನು ಇನ್ನೂ ಅರ್ಧ ಗಂಟೆ ಜಾಸ್ತಿ ಓಡಿಸುವುದು.

ಅದೊಂದನ್ನು ಸದ್ಯಕ್ಕೆ ನಿಲ್ಲಿಸಿ. ನಮ್ಮ ಕಡೆ ನೀರು ಸಾಲದೆ ಒಣಗುವ ಹುಲ್ಲು ಕಡಿಮೆ. ಹಾಕಿದ ನೀರು ಬೇರಿಗೆ ಸಿಗದೆ ಒಣಗುವುದೇ ಜಾಸ್ತಿ. ಕಾರಣ ಗೊತ್ತಾಗುವ ಮೊದಲು ನೀರು ಹೆಚ್ಚಿಸಿದರೆ ಬಾವಿಯೂ ಖಾಲಿ, ಹುಲ್ಲೂ ಇಲ್ಲ. ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲಿನವು ಪುಕ್ಕಟೆ. ಅಂಗಡಿಗೆ ಹೋಗಿ ದುಡ್ಡು ಕೊಡುವ ಕೆಲಸವೆಲ್ಲ ಕೊನೆಗಿರಲಿ.

ಮೊದಲು ಲೆಕ್ಕ: ಎಷ್ಟು ಬೇಕು, ಎಷ್ಟು ಹಾಕುತ್ತಿದ್ದೀರಿ?

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಒಂದು ಸೆಂಟ್ಸ್ ಜಾಗ ಎಂದರೆ ಸುಮಾರು 40 ಚದರ ಮೀಟರ್. ಏಪ್ರಿಲ್ ಬಿಸಿಲಿಗೆ ಹುಲ್ಲುಹಾಸು ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಎರಡು ಸೆಂಟ್ಸ್ ಲಾನಿಗೆ ದಿನಕ್ಕೆ 320 ಲೀಟರ್ ಆಯಿತು.

ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ (ಹನಿ ನೀರಾವರಿ) ಒಂದು ತೆಂಗಿನಮರಕ್ಕೆ ದಿನಕ್ಕೆ 30 ಲೀಟರ್ ಆಸುಪಾಸು ಸಾಕು. ಅಂದರೆ ಎರಡು ಸೆಂಟ್ಸ್ ಹುಲ್ಲು ಹತ್ತು ತೆಂಗಿನ ನೀರು ಕುಡಿಯುತ್ತದೆ. ಕಾಯಿಯಂತೂ ಕೊಡುವುದಿಲ್ಲ! ಬೇಡ ಎನ್ನುತ್ತಿಲ್ಲ, ಗೊತ್ತಿರಲಿ ಅಂತ ಹೇಳಿದೆ.

ಈಗ ನೀವು ಹಾಕುವುದನ್ನು ಅಳೆಯಿರಿ. ಹೂದೋಟದ ಪೈಪಿನಿಂದ 20 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ ಎರಡು ಸೆಂಟ್ಸಿಗೆ 16 ನಿಮಿಷ ಸಾಕು. ನೀವು ಒಂದು ಗಂಟೆ ಬಿಟ್ಟೂ ಹುಲ್ಲು ಒಣಗುತ್ತಿದ್ದರೆ, 1,200 ಲೀಟರಿನಲ್ಲಿ ಮುಕ್ಕಾಲು ಪಾಲು ಬೇರೆಲ್ಲೋ ಹೋಗುತ್ತಿದೆ. ಆಗ ಮುಂದಿನ ಪರೀಕ್ಷೆಗಳೆಲ್ಲ ನಿಮಗೇ. ಐದೇ ನಿಮಿಷ ಬಿಟ್ಟು, ಮೇಲ್ಮೈ ಒದ್ದೆಯಾದ ಕೂಡಲೇ ಪೈಪ್ ಸುತ್ತಿಡುವವರಾದರೆ ನಿಮ್ಮದು ನಿಜಕ್ಕೂ ಕಡಿಮೆಯಾದ ಪ್ರಕರಣ. ಅಂಥವರೂ ಇದ್ದಾರೆ, ಆದರೆ ವಿರಳ.

ರಾತ್ರಿ ಟ್ಯಾಂಕ್ ಪರೀಕ್ಷೆ

ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಪಂಪು ಆಫ್ ಮಾಡಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿ. ಸಾಮಾನ್ಯ ಸಾವಿರ ಲೀಟರಿನ ಉರುಟು ಟ್ಯಾಂಕಿನ ಅಡ್ಡಳತೆ 110 ಸೆಂಟಿಮೀಟರ್ ಹತ್ತಿರ ಇರುತ್ತದೆ. ಅದರಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ಹೋಯಿತು ಎಂದರ್ಥ. ನಾಲ್ಕು ಬೆರಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಎಲ್ಲಿ? ತೋಟದ ಗೇಟ್ ವಾಲ್ವ್ ಮುಚ್ಚಿ ಮರುದಿನ ರಾತ್ರಿ ಇದನ್ನೇ ಮಾಡಿ. ಮಟ್ಟ ಇಳಿಯದಿದ್ದರೆ ಸೋರಿಕೆ ತೋಟದ ಸಾಲಿನಲ್ಲಿ, ಇಳಿದರೆ ಮನೆಯೊಳಗೆ. ಮನೆಯೊಳಗಿನ ಕಳ್ಳ ಹೆಚ್ಚಾಗಿ ಕಕ್ಕಸಿನ ಫ್ಲಶ್ ಟ್ಯಾಂಕ್. ಅದರಲ್ಲಿ ಸ್ವಲ್ಪ ಅರಿಶಿನ ನೀರು ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗೆ ಹಳದಿ ಇಳಿದರೆ ವಾಷರ್ ಹೋಗಿದೆ.

ತೋಟದ ಸಾಲಿನಲ್ಲಿ ನೆಲದಡಿ ಸೋರುವುದನ್ನು ಹುಡುಕಲು ಏಪ್ರಿಲ್ ತಿಂಗಳೇ ಒಳ್ಳೆಯದು. ಸುತ್ತ ಎಲ್ಲ ಒಣಗಿದಾಗ ಒಂದು ಕಡೆ ಮಾತ್ರ ಹುಲ್ಲು ಕಡು ಹಸಿರಾಗಿ, ಸೊಂಪಾಗಿ ಬೆಳೆದಿದ್ದರೆ ಅಲ್ಲೇ ಅಗೆಯಿರಿ. ಪೈಪಿನ ಜೋಡಣೆ ಅಲ್ಲೇ ಬಿಟ್ಟಿರುತ್ತದೆ. "ಆ ಮೂಲೆಯಲ್ಲಿ ಮಾತ್ರ ಎಷ್ಟು ಚಂದ ಬಂದಿದೆ ನೋಡಿ" ಎಂದು ಹೆಮ್ಮೆಯಿಂದ ತೋರಿಸುವ ಮೂಲೆಯನ್ನೇ ಮೊದಲು ಅನುಮಾನಿಸಿ.

ಸುರಂಗದ ನೀರಿರುವ ಮನೆಗಳಲ್ಲಿ ಇನ್ನೊಂದು ಬಗೆಯ ನಷ್ಟ ಇದೆ. ಬಾಯಾರು, ಪೈವಳಿಕೆ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಪೈಪಿನಲ್ಲಿ ಬರುವ ನೀರಿಗೆ ಸ್ವಿಚ್ಚಿಲ್ಲ. ರಾತ್ರಿಯೂ ಬರುತ್ತದೆ. ಟ್ಯಾಂಕ್ ತುಂಬಿದ ಮೇಲೆ ಬೆಳಗಿನವರೆಗೆ ಚರಂಡಿಗೆ ಹೋಗುತ್ತದೆ, ಸಂಜೆ ಲಾನಿಗೆ ನೀರಿಲ್ಲ ಎನ್ನುತ್ತೇವೆ. ಹೊರಬೀಳುವ ನೀರು ಎಷ್ಟೆಂದು ಅಳೆಯಿರಿ. ಒಂದು ಲೀಟರಿನ ಬಾಟಲಿ ತುಂಬಲು 20 ನಿಮಿಷ ಬೇಕಾದರೂ ದಿನಕ್ಕೆ 72 ಲೀಟರ್ ಆಯಿತು. ಕೆಳಗೊಂದು ಎರಡನೇ ಟ್ಯಾಂಕ್ ಇಟ್ಟರೆ ಆಯ್ತು. ಅದೂ ಬೇಡವಾದರೆ ತುಂಬಿ ಹರಿಯುವ ಪೈಪನ್ನು ಬಾಳೆ ಬುಡಕ್ಕೆ ತಿರುಗಿಸಿ.

ಅಗೆದು ನೋಡುವುದು: ಮುಖ್ಯ ಪರೀಕ್ಷೆ

ಸೋರಿಕೆ ಇಲ್ಲ ಎಂದು ಖಾತ್ರಿಯಾದ ಮೇಲೆ, ಎಂದಿನಂತೆ ನೀರು ಹಾಕಿ ಒಂದು ಗಂಟೆ ಬಿಡಿ. ಆಮೇಲೆ ಒಣಗಿದ ಜಾಗದಲ್ಲಿ ಒಂದು ಗೇಣು ಆಳಕ್ಕೆ ಚಿಕ್ಕ ಗುಂಡಿ ತೆಗೆಯಿರಿ. ಈ ಒಂದು ಗುಂಡಿ ಹೇಳುವಷ್ಟನ್ನು ಯಾವ ನರ್ಸರಿಯವರೂ ಹೇಳುವುದಿಲ್ಲ. ಸಾಮಾನ್ಯವಾಗಿ ಇವುಗಳಲ್ಲಿ ಒಂದು ಕಾಣಿಸುತ್ತದೆ.

ಮೂರು ನಾಲ್ಕು ಇಂಚಿಗೇ ಹಾರೆ ಟಣ್ ಎಂದರೆ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ನಮ್ಮಲ್ಲಿ ಗುಡ್ಡ ಕಡಿದು ಮನೆ ಕಟ್ಟುವವರೇ ಹೆಚ್ಚು. ಜೇಸಿಬಿ ಮೇಲ್ಮಣ್ಣನ್ನೆಲ್ಲ ಕೆಳಗೆ ದೂಡಿ, ಬರೀ ಕಲ್ಲಿನ ಪದರ ಬಿಟ್ಟು ಹೋಗಿರುತ್ತದೆ. ಅದರ ಮೇಲೆ ಒಂದು ಲೋಡು ಕೆಂಪು ಮಣ್ಣು, ನಡುನಡುವೆ ಸಿಮೆಂಟ್ ಗಾರೆ, ಅದರ ಮೇಲೆ ಹುಲ್ಲಿನ ಹಾಳೆ. ನೋಡಲು ಹಸಿರು, ಕೆಳಗೆ ನಾಲ್ಕಿಂಚು ಮಣ್ಣು. ಅಷ್ಟು ಮಣ್ಣು, ಅದೂ ಕಲ್ಲುಕಲ್ಲಾದದ್ದು, ಬೇರಿಗೆ ಸಿಗುವಂಥ ನೀರನ್ನು ಹಿಡಿದಿಡುವುದು ಹೆಚ್ಚೆಂದರೆ ಹತ್ತು ಮಿಲಿಮೀಟರ್. ಅದರಲ್ಲಿ ಅರ್ಧ ಖಾಲಿಯಾಗುವಷ್ಟರಲ್ಲಿ ಹುಲ್ಲು ಬಾಡಲು ಶುರು. ದಿನಕ್ಕೆ ನಾಲ್ಕು ಹೋಗುತ್ತದಲ್ಲ, ಒಂದು ದಿನದಲ್ಲೇ ಮುಗಿಯಿತು. ನೀವು ಒಮ್ಮೆಲೇ ಇಪ್ಪತ್ತು ಮಿಲಿಮೀಟರ್ ಸುರಿದರೂ ಹತ್ತು ಮಾತ್ರ ನಿಲ್ಲುತ್ತದೆ, ಉಳಿದದ್ದು ಕಲ್ಲಿನ ಮೇಲೆ ಜಾರಿ ಕೆಳಗಿನ ಗದ್ದೆಗೆ ಹೋಗುತ್ತದೆ.

ಇದಕ್ಕೆ ಮದ್ದು ಎರಡು. ತಾತ್ಕಾಲಿಕವಾಗಿ ಒಮ್ಮೆಗೆ ಹಾಕುವ ನೀರನ್ನು ಕಡಿಮೆ ಮಾಡಿ, ಸರದಿ ಹೆಚ್ಚಿಸಿ. ದಿನಕ್ಕೆ ನಾಲ್ಕೈದು ಮಿಲಿಮೀಟರ್, ಅಷ್ಟೇ. ಶಾಶ್ವತವಾಗಿ ಬೇಕಾದರೆ ಮಣ್ಣಿನ ಆಳ ಹೆಚ್ಚಿಸಬೇಕು. ಮಳೆಗಾಲ ಶುರುವಾಗುವಾಗ ಹುಲ್ಲು ಕಿತ್ತು, ಪಿಕ್ಕಾಸಿನಲ್ಲಿ ಮುರಕಲ್ಲಿನ ಮೇಲ್ಪದರ ಒಡೆದು, ಕಾಂಪೋಸ್ಟ್ ಬೆರೆಸಿದ ಮಣ್ಣು ಎಂಟಿಂಚಾದರೂ ಇರುವಂತೆ ಮಾಡಿ ಮತ್ತೆ ನೆಡಿ. ಖರ್ಚಿನ ಕೆಲಸ, ಬೆನ್ನು ನೋವಿನ ಕೆಲಸ. ಆದರೆ ಆಮೇಲೆ ಎರಡು ಮೂರು ದಿನಕ್ಕೊಮ್ಮೆ ನೀರು ಸಾಕಾಗುತ್ತದೆ. ಇಡೀ ಲಾನಿಗೆ ಮಾಡಲು ಆಗದಿದ್ದರೆ ಅರ್ಧಕ್ಕೆ ಮಾಡಿ, ಉಳಿದರ್ಧ ಬಿಟ್ಟುಬಿಡಿ.

ಮೇಲೆ ಅರ್ಧ ಇಂಚು ಒದ್ದೆ, ಕೆಳಗೆ ಪುಡಿಪುಡಿ ಒಣ ಮಣ್ಣು ಇದ್ದರೆ ನೀರು ಒಳಗಿಳಿಯುತ್ತಿಲ್ಲ. ಇಳಿಜಾರಾದರೆ ಹರಿದು ಹೋಗುತ್ತಿದೆ. ಐದು ನಿಮಿಷ ನೀರು ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಐದು ನಿಮಿಷ ಬಿಡಿ. ಮೊದಲ ಸರದಿ ಮಣ್ಣಿನ ಬಾಯಿ ತೆರೆಸುತ್ತದೆ, ಎರಡನೆಯದು ಒಳಗೆ ಹೋಗುತ್ತದೆ. ಸಮತಟ್ಟಾಗಿದ್ದೂ ಇಳಿಯದಿದ್ದರೆ ಹುಲ್ಲಿನ ಬುಡ ಬಿಡಿಸಿ ನೋಡಿ. ಒಣ ಕಾಂಡ, ಹಳೆ ಬೇರು ಸೇರಿ ಚಾಪೆಯ ಹಾಗೆ ಪದರ ಕಟ್ಟಿರುತ್ತದೆ. ಅದು ಅರ್ಧ ಇಂಚಿಗಿಂತ ದಪ್ಪವಾದರೆ ಕುಂಟೆಯಿಂದ ಎಳೆದು ತೆಗೆಯಬೇಕು.

ಇನ್ನೊಂದು ವಿಚಿತ್ರ ಇದೆ. ಒಣ ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹನಿಯಂತೆ ಉರುಟಾಗಿ ನಿಂತರೆ ಮಣ್ಣೇ ನೀರನ್ನು ಒಲ್ಲೆ ಎನ್ನುತ್ತಿದೆ. ತೆಂಗಿನ ನಾರಿನ ಪುಡಿ ಹಾಕಿ ಆಮೇಲೆ ಪೂರ್ತಿ ಒಣಗಲು ಬಿಟ್ಟ ಜಾಗದಲ್ಲಿ ಹೀಗಾಗುತ್ತದೆ. ಹೊಯಿಗೆ (ಮರಳು) ಮಣ್ಣಿನಲ್ಲೂ ಆಗುತ್ತದೆ. ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ತೂತು ಮಾಡಿ, ಒಂದು ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಬೆರೆಸಿ ಒಮ್ಮೆ ಹಾಕಿ, ಮೇಲಿಂದ ಸಾದಾ ನೀರು ನಿಧಾನ ಬಿಡಿ. ಒಮ್ಮೆ ಹೀರಲು ಶುರುವಾದ ಮೇಲೆ ಮತ್ತೆ ಪೂರ್ತಿ ಒಣಗಲು ಬಿಡದಿದ್ದರೆ ತೊಂದರೆಯಿಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆಯ ಕರಾವಳಿ ಪಟ್ಟಿಯಲ್ಲಿ ಗುಂಡಿ ಬೇರೆಯೇ ಕಥೆ ಹೇಳುತ್ತದೆ. ಮೇಲಿನಿಂದ ಕೆಳಗಿನವರೆಗೂ ಹೊಯಿಗೆ, ಪೂರ್ತಿ ಒದ್ದೆ, ಆದರೆ ಬೇರಿರುವುದು ಮೇಲಿನ ಮೂರಿಂಚಿನಲ್ಲಿ. ಉಳಿದ ನೀರು ನೇರ ಪಾತಾಳಕ್ಕೆ. ಇಲ್ಲಿ ಹಟ್ಟಿಗೊಬ್ಬರ, ಕಾಂಪೋಸ್ಟ್ ಮತ್ತು ತೊಳೆದ ನಾರಿನ ಪುಡಿ ಬಿಟ್ಟರೆ ಬೇರೆ ದಾರಿಯಿಲ್ಲ. 'ತೊಳೆದ' ಎಂದದ್ದು ಸುಮ್ನೆ ಅಲ್ಲ. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ.

ಗುಂಡಿ ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ

ಹಾಗಾದರೆ ದೋಷ ಮಣ್ಣಿನದ್ದಲ್ಲ, ನೀರು ಹಂಚುವುದರದ್ದು. ಒಂದೇ ಅಳತೆಯ ಎಂಟು ಹತ್ತು ಸ್ಟೀಲ್ ಲೋಟಗಳನ್ನು ಲಾನಿನಲ್ಲಿ ಅಲ್ಲಲ್ಲಿ ಇಡಿ. ಗೆರಟೆ (ತೆಂಗಿನ ಚಿಪ್ಪು) ಬೇಡ, ಒಂದರಂತೆ ಒಂದಿರುವುದಿಲ್ಲ. ಹದಿನೈದು ನಿಮಿಷ ಸ್ಪ್ರಿಂಕ್ಲರ್ ಓಡಿಸಿ ಸ್ಕೇಲಿನಿಂದ ಅಳೆಯಿರಿ. ಒಂದು ಲೋಟದಲ್ಲಿ ಹತ್ತು ಮಿಲಿಮೀಟರ್, ಇನ್ನೊಂದರಲ್ಲಿ ಎರಡು ಇದ್ದರೆ ಎರಡೇ ಮಿಲಿಮೀಟರ್ ಬಿದ್ದ ಜಾಗ ಒಣಗದೆ ಇನ್ನೇನು?

ಇದರ ಹಿಂದಿನ ಕಾರಣ ಹೆಚ್ಚಾಗಿ ಒತ್ತಡ. ಟ್ಯಾಂಕಿನಿಂದ ಅಂಗಳಕ್ಕೆ ಹತ್ತು ಮೀಟರ್ ಎತ್ತರ ಇದ್ದರೆ ಒಂದು ಬಾರ್ ಒತ್ತಡ ಬರುತ್ತದೆ. ಒಂದಂತಸ್ತಿನ ಮನೆಯ ತಾರಸಿ ಟ್ಯಾಂಕ್ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಬರೀ 0.4 ಬಾರ್. ನೆಲದಿಂದ ಮೇಲೇಳುವ ಪಾಪ್-ಅಪ್ ಸ್ಪ್ರಿಂಕ್ಲರಿಗೆ ಎರಡು ಬಾರ್ ಆಸುಪಾಸು ಬೇಕು. ಅಂಗಡಿಯವರು ಇದನ್ನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ತಂದು ತಾರಸಿ ಟ್ಯಾಂಕಿಗೆ ಜೋಡಿಸುತ್ತೇವೆ. ನೀರು ಬುಡದಲ್ಲೇ ಬುಗ್ಗೆಯಾಗಿ ಬೀಳುತ್ತದೆ, ದೂರಕ್ಕೆ ಹಾರುವುದೇ ಇಲ್ಲ. ಸ್ಪ್ರಿಂಕ್ಲರ್ ಕೆಟ್ಟಿಲ್ಲ, ಬದಲಾಯಿಸಬೇಡಿ. ಪಂಪಿನ ಲೈನಿಗೆ ನೇರ ಜೋಡಿಸಿ, ಇಲ್ಲವೇ ಕೈಯಲ್ಲಿ ಪೈಪ್ ಹಿಡಿಯಿರಿ.

ಎಣ್ಮಕಜೆ, ಬಾಯಾರಿನಂಥ ಗುಡ್ಡದ ಊರುಗಳಲ್ಲಿ ಟ್ಯಾಂಕ್ ಮನೆಗಿಂತ ಇಪ್ಪತ್ತು ಮೀಟರ್ ಮೇಲೆ ಇರುವುದುಂಟು. ಅವರಿಗೆ ಕರೆಂಟ್ ಇಲ್ಲದೆಯೇ ಎರಡು ಬಾರ್ ಸಿಗುತ್ತದೆ. ಅದಕ್ಕಿಂತಲೂ ಎತ್ತರವಾದರೆ ತೊಂದರೆ ತಿರುಗುಮುರುಗು. ನೀರು ಮಂಜಿನಂತೆ ಪುಡಿಯಾಗಿ ಗಾಳಿಗೆ ಹಾರುತ್ತದೆ. ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ ಹನಿ ದಪ್ಪವಾಗುವವರೆಗೆ ಇಳಿಸಿ.

ಬೆಳಿಗ್ಗೆ ಸರಿಯಾಗಿ ತಿರುಗುವ ಸ್ಪ್ರಿಂಕ್ಲರ್ ಸಂಜೆ ಏಳಕ್ಕೆ ನಿಂತುಹೋದರೆ ವೋಲ್ಟೇಜ್ ನೋಡಿ. ಬೇಸಿಗೆ ಸಂಜೆ ಎಲ್ಲರ ಮನೆಯಲ್ಲೂ ಪಂಪು, ಫ್ಯಾನು, ಏಸಿ ಒಟ್ಟಿಗೇ ಓಡುತ್ತವೆ. ಹೇಗೂ ಸಂಜೆಗಿಂತ ಬೆಳಗಿನ ಜಾವವೇ ಒಳ್ಳೆಯದು. ಮಧ್ಯಾಹ್ನದ ಕಡಲ ಗಾಳಿಗೆ ಸಾಕಷ್ಟು ನೀರು ಆರಿಹೋಗುತ್ತದೆ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಶಿಲೀಂಧ್ರ ಬರುತ್ತದೆ.

ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲಿನ ಅಂಚಿನ ಒಂದಡಿ ಅಗಲದ ಹುಲ್ಲು ಮಾತ್ರ ಒಣಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಕಲ್ಲು ಕಾದು ಪಕ್ಕದ ಮಣ್ಣನ್ನು ಬೇಯಿಸುತ್ತದೆ. ಅಲ್ಲಿ ಹುಲ್ಲು ತೆಗೆದು ಬೇರೇನಾದರೂ ಹಾಕುವುದೇ ಪರಿಹಾರ.

ಹೂಗಿಡಗಳ ಡ್ರಿಪ್ ಕೈಕೊಟ್ಟಾಗ

ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಹದಿನೈದು ನಿಮಿಷದಲ್ಲಿ ಒಂದು ಲೀಟರ್ ಕೊಡಬೇಕು. ಸಾಲಿನ ಮೊದಲನೆಯದಕ್ಕೂ ಕೊನೆಯದಕ್ಕೂ ಬಾಟಲಿ ಹಿಡಿದು ನೋಡಿ. ಎರಡೂ ಕಡಿಮೆಯಾದರೆ ಒತ್ತಡ ಅಥವಾ ಫಿಲ್ಟರ್. ಕೊನೆಯದು ಮಾತ್ರ ಕಡಿಮೆಯಾದರೆ ಪೈಪಿನೊಳಗೆ ಕೆಸರು, ಇಲ್ಲವೇ ನಡುವೆ ಅಳಿಲೋ ಇಲಿಯೋ ಕಡಿದ ತೂತು.

ಬೋರಿನ ನೀರಾದರೆ ಬಿಳಿ ಬಕೆಟಿನಲ್ಲಿ ಒಂದು ರಾತ್ರಿ ಇಟ್ಟು ನೋಡಿ. ತೆಗೆಯುವಾಗ ತಿಳಿಯಾಗಿದ್ದ ನೀರು ಬೆಳಿಗ್ಗೆ ತಳದಲ್ಲಿ ತುಕ್ಕಿನ ಬಣ್ಣ ಬಿಟ್ಟರೆ ಕಬ್ಬಿಣದ ಅಂಶ ಇದೆ. ಅದೇ ಡ್ರಿಪ್ಪರಿನ ಬಾಯಿಯಲ್ಲಿ ಕೇಸರಿ ಲೋಳೆಯಾಗಿ ಕಟ್ಟುತ್ತದೆ. ನಮ್ಮ ಮುರಕಲ್ಲು ನೆಲದಲ್ಲಿ ಇದು ಸಾಮಾನ್ಯ. ಸೂಜಿಯಿಂದ ಚುಚ್ಚುವುದು ಎರಡು ದಿನದ ಸಮಾಧಾನ, ತೂತು ದೊಡ್ಡದಾಗಿ ಇನ್ನೊಂದು ತೊಂದರೆ. ನೀರನ್ನು ಮೊದಲು ಟ್ಯಾಂಕಿಗೆ ಬೀಳಿಸಿ, ಗಾಳಿ ತಾಗಿ ಕಬ್ಬಿಣ ತಳ ಸೇರಲು ಬಿಟ್ಟು, ತಳಕ್ಕಿಂತ ಒಂದು ಗೇಣು ಮೇಲಿನಿಂದ ಡ್ರಿಪ್‌ಗೆ ಪೈಪ್ ತೆಗೆಯಿರಿ. ಎಂಡ್ ಕ್ಯಾಪ್ ತೆಗೆದು ಹದಿನೈದು ದಿನಕ್ಕೊಮ್ಮೆ ಕೆಸರು ಹೊರಗೆ ಬಿಡಿ.

ನೀರು ಸರಿ ಇದ್ದೂ ಎಲೆಯ ತುದಿ ಸುಟ್ಟರೆ

ಮಾರ್ಚ್ ಏಪ್ರಿಲ್‌ನಲ್ಲಿ ಹೊಳೆಗಳ ಹರಿವು ಇಳಿದಾಗ ಕಡಲ ನೀರು ಮೇಲಕ್ಕೆ ನುಗ್ಗುತ್ತದೆ. ಚಂದ್ರಗಿರಿ, ಮೊಗ್ರಾಲ್, ಶಿರಿಯಾ ಹೊಳೆಗಳ ಅಳಿವೆ ಬದಿಯ ಬಾವಿಗಳಿಗೂ ಉಪ್ಪು ತಾಗುತ್ತದೆ. ಅಳಿವೆ ಬದಿಯ ಹಳಬರಿಗೆ ಇದು ಹೊಸದಲ್ಲ. ಇಂಥ ನೀರು ಜಾಸ್ತಿ ಹಾಕಿದಷ್ಟೂ ಎಲೆಯ ತುದಿ ಹೆಚ್ಚು ಸುಡುತ್ತದೆ. ನಾಲಿಗೆಗೆ ಉಪ್ಪು ಗೊತ್ತಾಗುವಷ್ಟಿದ್ದರೆ ಮಳೆ ಬರುವವರೆಗೆ ಲಾನಿನ ಆಸೆ ಬಿಡಿ. ಅಗಲ ಎಲೆಯ ಹುಲ್ಲು ತಡೆಯುವುದಿಲ್ಲ. ಗರಿಕೆ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ.

ಬಟ್ಟೆ ಒಗೆದ ನೀರನ್ನು ಲಾನಿಗೆ ತಿರುಗಿಸಿದವರಿಗೂ ಇದೇ ಲಕ್ಷಣ ಕಾಣಬಹುದು. ಸೋಪಿನಲ್ಲಿರುವ ಸೋಡಿಯಂ ಮಣ್ಣನ್ನು ಬಿಗಿಗೊಳಿಸುತ್ತದೆ. ಹಿರಿಯರು ಪಾತ್ರೆ ತೊಳೆದ ನೀರನ್ನು ಬಾಳೆಗೂ ಕೆಸುವಿಗೂ ಬಿಡುತ್ತಿದ್ದರು. ಅದೇ ಸರಿ.

ನೀರಿಗೆ ಸಂಬಂಧವೇ ಇಲ್ಲದ ದೋಷಗಳು

ಒಣಗಿದ ಹುಲ್ಲನ್ನು ಹಿಡಿದು ಎಳೆಯಿರಿ. ಬೇರೇ ಇಲ್ಲದೆ ಚಾಪೆ ಸುತ್ತಿದಂತೆ ಎದ್ದು ಬಂದು, ಕೆಳಗೆ ಬಿಳಿ ದಪ್ಪ ಹುಳು ಮಡಚಿಕೊಂಡು ಮಲಗಿದ್ದರೆ ಅದು ಬೇರುಹುಳು. ಅಡಿಕೆ ತೋಟದವರಿಗೆ ಪರಿಚಯ ಹೇಳಬೇಕಾಗಿಲ್ಲ. ಇದು ಹೆಚ್ಚಾಗಿ ಮಳೆ ಕಡಿಮೆಯಾದ ಮೇಲೆ ಕಾಣುತ್ತದೆ. ಎಷ್ಟು ನೀರು ಹಾಕಿದರೂ ಪ್ರಯೋಜನವಿಲ್ಲ.

ಹುಲ್ಲನ್ನು ಬೋಳಿಸಿದಂತೆ ಕತ್ತರಿಸುವವರ ಲಾನೂ ಬೇಗ ಒಣಗುತ್ತದೆ. ಒಮ್ಮೆಗೆ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಬೇಸಿಗೆಯಲ್ಲಿ ಸ್ವಲ್ಪ ಉದ್ದವೇ ಇರಲಿ, ನೆಲಕ್ಕೆ ನೆರಳಾಗುತ್ತದೆ.

ತೆಂಗಿನ ಬುಡದ ಲಾನ್ ಒಣಗಿದರೆ ಅದಕ್ಕೆ ಮದ್ದಿಲ್ಲ. ತೆಂಗಿನ ಹೆಚ್ಚಿನ ಬೇರುಗಳು ಬುಡದಿಂದ ಎರಡು ಮೀಟರ್ ಒಳಗೇ ಇರುತ್ತವೆ, ನೀವು ಹುಲ್ಲಿಗೆ ಹಾಕಿದ್ದನ್ನು ಮೊದಲು ಮರವೇ ಕುಡಿಯುತ್ತದೆ. ಅಲ್ಲಿ ಹುಲ್ಲು ತೆಗೆದು ತೆಂಗಿನ ಸಿಪ್ಪೆಯನ್ನು ಅದರ ಕುಳಿಯಿರುವ ಒಳಬದಿ ಮೇಲೆ ಬರುವಂತೆ ಪದರ ಪದರವಾಗಿ ಹೂಳಿ. ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿಯುತ್ತದೆ, ಐದಾರು ವರ್ಷ ಬಾಳುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ತೋಟಗಳಿಗೆ ಹೇಳುತ್ತಾ ಬಂದಿರುವ ಕ್ರಮವೇ ಇದು. ಅಂಗಳದ ಮರಕ್ಕೆ ಬೇರೆ ನಿಯಮವೇನಿಲ್ಲ.

ಹುಲ್ಲು ಸತ್ತಿದೆಯೋ, ಮಲಗಿದೆಯೋ

ಕಿತ್ತು ಎಸೆಯುವ ಮೊದಲು ಇದೊಂದು ನೋಡಿ. ಬುಡದ ಹತ್ತಿರ ಕಾಂಡವನ್ನು ಉಗುರಿನಿಂದ ಗೀರಿದಾಗ ಬೆಳ್ಳಗೋ ತಿಳಿ ಹಸಿರೋ ಆಗಿ ಗಟ್ಟಿಯಿದ್ದರೆ ಜೀವ ಇದೆ. ಗರಿಕೆ ಬೇಸಿಗೆಯಲ್ಲಿ ಪೂರ್ತಿ ಕಂದು ಬಣ್ಣಕ್ಕೆ ತಿರುಗಿ, ಮೊದಲ ಮಳೆಗೆ ತಾನೇ ಚಿಗುರುತ್ತದೆ. ಅದಕ್ಕೆ ನೀರು ಹಾಕದೆಯೂ ಬಿಡಬಹುದು. ನರ್ಸರಿಗಳಲ್ಲಿ ಬಫಲೋ ಗ್ರಾಸ್ ಅಂತ ಮಾರುವ ಅಗಲ ಎಲೆಯ ಹುಲ್ಲಿಗೆ ಅಷ್ಟು ತಾಳ್ಮೆಯಿಲ್ಲ. ಅದು ನೆರಳು, ತೇವ ಬೇಡುವ ಜಾತಿ. ಬಿಸಿಲಿನ ಮುರಕಲ್ಲು ಅಂಗಳಕ್ಕೆ ತಂದರೆ ಪ್ರತಿ ಏಪ್ರಿಲ್‌ನಲ್ಲೂ ಇದೇ ಪಾಡು.

ಎಲ್ಲ ಪರೀಕ್ಷೆಯೂ ಮುಗಿದು, ಸೋರಿಕೆ ಇಲ್ಲ, ಒತ್ತಡ ಸರಿ, ನೀರು ಸಿಹಿ, ಆದರೆ ಮಣ್ಣು ಮಾತ್ರ ನಾಲ್ಕಿಂಚು ಎಂದಾದರೆ ಹುಲ್ಲುಹಾಸೇ ಆ ಜಾಗಕ್ಕೆ ತಪ್ಪು ಆಯ್ಕೆ. ಮಕ್ಕಳು ಆಡುವಷ್ಟು, ಸಂಜೆ ಕುರ್ಚಿ ಹಾಕುವಷ್ಟು ಜಾಗದಲ್ಲಿ ಗರಿಕೆ ಇಟ್ಟುಕೊಳ್ಳಿ. ಉಳಿದ ಕಡೆ ಕೇಪಳ ನೆಡಿ. ನಮ್ಮ ಮುರಕಲ್ಲು ಗುಡ್ಡಗಳಲ್ಲಿ ಯಾರೂ ನೀರು ಹಾಕದೆ ಬೆಳೆದು ಕೆಂಪಗೆ ಹೂ ಬಿಡುವ ಗಿಡ ಅದು. ಜೂನ್ ಮಳೆಗೆ ನೆಟ್ಟು, ಮೊದಲ ಬೇಸಿಗೆಯಲ್ಲಿ ಮಾತ್ರ ವಾರಕ್ಕೆರಡು ಸಲ ನೀರು ಕೊಟ್ಟು, ಬುಡಕ್ಕೆ ಅಡಿಕೆ ಸಿಪ್ಪೆಯೋ ಒಣ ಸೊಪ್ಪೋ ಮುಚ್ಚಿ. ಮುಚ್ಚಿಗೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದೂರ ಇರಲಿ. ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.